ಬೇಡದ ಬೆಸುಗೆ

ಗ್ರಿಲ್ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ ಹುಡುಗರಿಗೆ ಒಂದು ಕೆಟ್ಟ ರಾತ್ರಿ ಕಾದಿರುತ್ತದೆ. ಹಗಲೆಲ್ಲ ಮೇಸ್ತ್ರಿ ಬೆಸುಗೆ ಹಾಕುವಾಗ ಹುಡುಗ ಕಬ್ಬಿಣದ ಸರಳು ಅಲುಗದಂತೆ ಹಿಡಿದು ನಿಂತಿರುತ್ತಾನೆ. ಮೇಸ್ತ್ರಿಯ ಕೈಯಲ್ಲಿ ಕಪ್ಪುಗಾಜಿನ ಮುಖಕವಚವಿದೆ, ಹುಡುಗನ ಬಳಿ ಇಲ್ಲ. ಕಿಡಿ ಹೊತ್ತಿದಾಗ ಮುಖವನ್ನು ಆಚೆ ಹೊರಳಿಸುತ್ತಾನೆ. ಸರಳು ಸರಿಯಾಗಿ ಕೂತಿತೇ ಎಂದು ನೋಡಲು ಮತ್ತೆ ಈಚೆ ತಿರುಗುತ್ತಾನೆ. ಸಂಜೆ ಅಂಗಡಿ ಮುಚ್ಚುವಾಗ ಕಣ್ಣಿಗೆ ಏನೂ ಆಗಿರುವುದಿಲ್ಲ. ಉಂಡು ಮಲಗುತ್ತಾನೆ. ನಡುರಾತ್ರಿ ಎಚ್ಚರವಾದರೆ ಕಣ್ಣೊಳಗೆ ಬಿಸಿ ಮರಳು ಸುರಿದಂತಹ ಉರಿ. ತೆರೆಯಲಾಗದು, ಮುಚ್ಚಿದರೂ ಸಮಾಧಾನವಿಲ್ಲ. ದೀಪ ಹಾಕಿದರೆ ಸೂಜಿ ಚುಚ್ಚಿದಂತಾಗುತ್ತದೆ, ನೀರು ನಿಲ್ಲುವುದೇ ಇಲ್ಲ. ಮನೆಯವರು ಆಲೂಗಡ್ಡೆಯ ಹೋಳು ಕೊಯ್ದು ಕಣ್ಣ ಮೇಲಿಡುತ್ತಾರೆ. ಎರಡು ಮೂರು ದಿನ ಕಳೆದರೆ ಉರಿ ತಾನಾಗಿ ಇಳಿಯುತ್ತದೆ, ಹುಡುಗ ಮತ್ತೆ ಸರಳು ಹಿಡಿಯಲು ಹೋಗುತ್ತಾನೆ.

ವೈದ್ಯರು ಇದನ್ನು ಫೋಟೋಕೆರಟೈಟಿಸ್ ಎನ್ನುತ್ತಾರೆ. ಹಿಮ ಮುಚ್ಚಿದ ಬೆಟ್ಟಗಳಲ್ಲಿ ಕಣ್ಣಿಗೆ ಮರೆಯಿಲ್ಲದೆ ನಡೆದವರಿಗೂ ಇದೇ ಆಗುತ್ತದೆ, ಅಲ್ಲಿ ಅದರ ಹೆಸರು ಹಿಮಗುರುಡು. ಹೆಸರು ಯಾವುದಾದರೂ ಇರಲಿ, ಕೇಳಬೇಕಾದ ಪ್ರಶ್ನೆ ಎರಡು. ಮಧ್ಯಾಹ್ನ ತಗುಲಿದ ಪೆಟ್ಟು ನೋವಾಗಿ ಕಾಣಿಸಿಕೊಳ್ಳಲು ಆರರಿಂದ ಹನ್ನೆರಡು ಗಂಟೆ ಏಕೆ ಬೇಕು? ಕೈ ಸುಟ್ಟರೆ ಆ ಕ್ಷಣವೇ ಗೊತ್ತಾಗುತ್ತದಲ್ಲ? ಇನ್ನೊಂದು, ಅಷ್ಟು ಉರಿದ ಕಣ್ಣು ಕಲೆಯೂ ಉಳಿಯದಂತೆ ಎರಡೇ ದಿನದಲ್ಲಿ ತಿಳಿಯಾಗುವುದು ಹೇಗೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಕಣ್ಣಿನ ಜೀವಕೋಶಗಳು ತಮ್ಮ ಡಿಎನ್‌ಎಯನ್ನು ತಾವೇ ರಿಪೇರಿ ಮಾಡಿಕೊಳ್ಳುವ ಕೆಲಸದಲ್ಲಿ.

ಬೆಸುಗೆಯ ಕಿಡಿಯಲ್ಲಿ ನಮಗೆ ಕಾಣುವ ಬೆಳಕಿನ ಜೊತೆಗೆ ಕಾಣದ ಅತಿನೇರಳೆ ಕಿರಣವೂ ಇದೆ. ಬಿಸಿಲಿನಲ್ಲಿಯೂ ಇದೆ. ವಿಜ್ಞಾನಿಗಳು ಅದನ್ನು ಎ, ಬಿ, ಸಿ ಎಂದು ಮೂರು ಬಗೆ ಮಾಡುತ್ತಾರೆ. ಸೂರ್ಯನಿಂದ ಹೊರಟ ಸಿ ಕಿರಣವನ್ನು ವಾತಾವರಣದ ಓಝೋನ್ ಪದರ ನೆಲ ಮುಟ್ಟಲು ಬಿಡುವುದಿಲ್ಲ. ಬಿ ಕಿರಣದ ಬಹುಭಾಗವನ್ನೂ ತಡೆಯುತ್ತದೆ. ಗ್ರಿಲ್ ಅಂಗಡಿಯ ಹುಡುಗನಿಗೂ ಕಿಡಿಗೂ ನಡುವೆ ಯಾವ ಓಝೋನ್ ಪದರವೂ ಇಲ್ಲ. ಮೂರೂ ಬಗೆಯ ಕಿರಣ ಒಂದು ಮೊಳದ ದೂರದಿಂದ ನೇರವಾಗಿ ಅವನ ಕಣ್ಣಿಗೆ ಬೀಳುತ್ತದೆ.

ಬಿದ್ದಾಗ ಆಗುವುದೇನು? ಡಿಎನ್‌ಎಯನ್ನು ತಿರುಚಿದ ನೂಲೇಣಿ ಎಂದುಕೊಳ್ಳಿ. ಏಣಿಯ ಎರಡು ಎಳೆಗಳ ಉದ್ದಕ್ಕೂ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳು ಸಾಲಾಗಿ ಕೂತಿವೆ. ಒಂದು ಎಳೆಯ ಎ, ಎದುರು ಎಳೆಯ ಟಿ ಜೊತೆ ಕೈ ಹಿಡಿದಿದೆ. ಜಿ ಮತ್ತು ಸಿ ಕೂಡ ಹಾಗೆಯೇ. ಈ ಅಕ್ಷರಗಳು ಅತಿನೇರಳೆ ಕಿರಣವನ್ನು ಬಹಳ ಚೆನ್ನಾಗಿ ಹೀರಿಕೊಳ್ಳುತ್ತವೆ, ಅವುಗಳ ದುರದೃಷ್ಟವೂ ಅದೇ. ಒಂದೇ ಎಳೆಯಲ್ಲಿ ಎರಡು ಟಿಗಳು ಅಕ್ಕಪಕ್ಕ ಇದ್ದು, ಕಿರಣ ಅವುಗಳ ಮೇಲೆ ಬಿದ್ದರೆ, ಎದುರಿನವರ ಕೈ ಹಿಡಿಯಬೇಕಾದ ಅವು ಒಂದಕ್ಕೊಂದು ಅಂಟಿಬಿಡುತ್ತವೆ. ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಈ ಅಂಟು ಮುಗಿದಿರುತ್ತದೆ. ಸಿ ಅಕ್ಷರಗಳಿಗೂ ಈ ಅಪಾಯ ಉಂಟು. ಹೊರಗೆ ಕಬ್ಬಿಣಕ್ಕೆ ಬೆಸುಗೆ ಬೀಳುತ್ತಿರುವಾಗಲೇ ಹುಡುಗನ ಕಣ್ಣೊಳಗೆ, ಯಾರಿಗೂ ಬೇಡದ ಇನ್ನೊಂದು ಬೆಸುಗೆ ಬಿದ್ದಿದೆ. ವಿಜ್ಞಾನದಲ್ಲಿ ಇದಕ್ಕೆ ಡೈಮರ್ ಎಂಬ ಹೆಸರಿದೆ. ನಾನು ಬೆಸುಗೆ ಎಂದೇ ಕರೆಯುತ್ತೇನೆ.

ಬೆಸುಗೆ ಬಿದ್ದ ಜಾಗದಲ್ಲಿ ಡಿಎನ್‌ಎ ಓದುವ ಯಂತ್ರ ಮುಗ್ಗರಿಸುತ್ತದೆ. ಅಲ್ಲಿಂದ ಪ್ರೋಟೀನ್ ತಯಾರಿಕೆಯ ಆದೇಶ ಹೊರಡಬೇಕಿದ್ದರೆ ಹೊರಡುವುದಿಲ್ಲ. ಜೀವಕೋಶ ಇಬ್ಭಾಗವಾಗುವಾಗ ನಕಲು ಮಾಡಬೇಕಿದ್ದರೆ ತಪ್ಪಕ್ಷರ ಸೇರಿಕೊಳ್ಳುತ್ತದೆ. ಆ ತಪ್ಪು ಮುಂದಿನ ಪೀಳಿಗೆಯ ಕೋಶಗಳಿಗೆ ದಾಟಿದರೆ ಅದೇ ಕ್ಯಾನ್ಸರಿಗೆ ಮೊದಲ ಮೆಟ್ಟಿಲಾಗಬಹುದು.

ಚರ್ಮಕ್ಕೂ ಈ ಕಷ್ಟವಿದೆ. ಆದರೆ ಚರ್ಮಕ್ಕೆ ಒಂದು ಕೊಡೆಯಿದೆ. ಮೆಲನಿನ್ ಎಂಬ ಕಪ್ಪು ಬಣ್ಣವನ್ನು ಚರ್ಮದ ಕೋಶಗಳು ತಮ್ಮ ನ್ಯೂಕ್ಲಿಯಸ್ಸಿನ ನೆತ್ತಿಯ ಮೇಲೆ ಟೋಪಿಯಂತೆ ಹರಡಿಕೊಂಡು ಡಿಎನ್‌ಎಯನ್ನು ನೆರಳಿನಲ್ಲಿಡುತ್ತವೆ. ಬಿಸಿಲು ಹೆಚ್ಚಿದಷ್ಟೂ ಬಣ್ಣ ಹೆಚ್ಚಿಸಿಕೊಳ್ಳುತ್ತವೆ. ಕಣ್ಣಿನ ಮುಂಭಾಗದ ಕಾರ್ನಿಯಾಕ್ಕೆ ಈ ಅನುಕೂಲವಿಲ್ಲ. ಅರ್ಧ ಮಿಲಿಮೀಟರಿನಷ್ಟು ದಪ್ಪದ ಆ ಪಟಲ ಗಾಜಿನಂತೆ ತಿಳಿಯಾಗಿಯೇ ಇರಬೇಕು. ಬಣ್ಣ ಬಂದರೆ ನೋಟ ಹೋಯಿತು. ರಕ್ತನಾಳಗಳನ್ನೂ ಅದು ಒಳಗೆ ಬಿಟ್ಟುಕೊಂಡಿಲ್ಲ. ಉಸಿರಿಗೆ ಬೇಕಾದ ಆಮ್ಲಜನಕವನ್ನು ಕಣ್ಣೀರಿನ ತೆಳು ಪದರದ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಬೆಳಕು ಒಳಗೆ ಬರಲೆಂದೇ ಬಟ್ಟಬಯಲಾಗಿ ನಿಂತ ಅಂಗ ಅದು. ಮರೆ ಮಾಡಿಕೊಳ್ಳಲಾಗದ ಅಂಗಕ್ಕೆ ಉಳಿದ ದಾರಿ ಒಂದೇ: ಪೆಟ್ಟು ಬಿದ್ದ ಕೂಡಲೇ, ಬೇರೆಯವರಿಗಿಂತ ಬೇಗ ಸರಿಪಡಿಸಿಕೊಳ್ಳುವುದು.

ಕಾರ್ನಿಯಾದ ಹೊರಮೈಯಲ್ಲಿ ಐದರಿಂದ ಏಳು ಪದರ ಕೋಶಗಳಿವೆ. ಅವುಗಳೊಳಗೆ ನಡೆಯುವ ರಿಪೇರಿಯನ್ನು ಒಬ್ಬ ನುರಿತ ನೇಕಾರನ ಕೆಲಸದಂತೆ ನೋಡಬಹುದು. ಮೊದಲು ತಪ್ಪು ಹುಡುಕಬೇಕು. ಎಕ್ಸ್‌ಪಿಸಿ ಎಂಬ ಪ್ರೋಟೀನ್ ಡಿಎನ್‌ಎ ಏಣಿಯುದ್ದಕ್ಕೂ ಕೈಯಾಡಿಸುತ್ತಾ ಎಲ್ಲಿ ಎಳೆ ಉಬ್ಬಿದೆ, ಎಲ್ಲಿ ಹಿಡಿತ ಸಡಿಲಿದೆ ಎಂದು ನೋಡುತ್ತದೆ. ಬೆಸುಗೆಯಲ್ಲಿ ಎರಡು ಬಗೆ. ಒಂದು ಏಣಿಯನ್ನು ತೀರಾ ಸೊಟ್ಟಗಾಗಿಸುತ್ತದೆ, ಅದು ಎಕ್ಸ್‌ಪಿಸಿಯ ಕೈಗೆ ಸುಲಭವಾಗಿ ಸಿಗುತ್ತದೆ. ಇನ್ನೊಂದು ಸಂಖ್ಯೆಯಲ್ಲಿ ಹೆಚ್ಚು, ಆದರೆ ಏಣಿಯ ಆಕಾರವನ್ನು ಅಷ್ಟಾಗಿ ಕೆಡಿಸದೆ ಅಡಗಿ ಕೂರುತ್ತದೆ. ಈ ಎರಡನೆಯದನ್ನು ಹಿಡಿಯಲು ಡಿಡಿಬಿ2 ಎಂಬ ಇನ್ನೊಂದು ಪ್ರೋಟೀನ್ ಬೇಕು. ಅದು ಬೆಸುಗೆಯ ಮೇಲೆ ಕೂತು ಏಣಿಯನ್ನು ಆ ಜಾಗದಲ್ಲಿ ಬಗ್ಗಿಸುತ್ತದೆ, ಎಕ್ಸ್‌ಪಿಸಿಯ ಕಣ್ಣಿಗೆ ಬೀಳುವಂತೆ ಮಾಡುತ್ತದೆ.

ತಪ್ಪು ಸಿಕ್ಕಿತು. ಈಗ ಬೇರೆ ಪ್ರೋಟೀನುಗಳು ಬಂದು ಏಣಿಯ ಎರಡು ಎಳೆಗಳನ್ನು ಅಲ್ಲಿ ಬಿಡಿಸುತ್ತವೆ. ನಿಜಕ್ಕೂ ತಪ್ಪಿದೆಯೇ ಎಂದು ಎಕ್ಸ್‌ಪಿಎ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತದೆ. ಆಮೇಲೆ ಎರಡು ಕತ್ತರಿಗಳು ಬೆಸುಗೆಯ ಆಚೆಗೊಂದು, ಈಚೆಗೊಂದು ಕಡಿತ ಹಾಕಿ ಸುಮಾರು ಮೂವತ್ತು ಅಕ್ಷರಗಳ ತುಂಡನ್ನು ಎತ್ತಿ ಹೊರಗೆಸೆಯುತ್ತವೆ. ಕೆಟ್ಟದ್ದು ಎರಡೇ ಅಕ್ಷರ, ಕತ್ತರಿಸುವುದು ಮೂವತ್ತು. ಸೀರೆಯ ಒಂದು ಎಳೆ ಕೆಟ್ಟರೆ ಸುತ್ತಲಿನದನ್ನೂ ಬಿಚ್ಚಿ ನೇಯುವವರಿಗೆ ಈ ಎಚ್ಚರ ಅರ್ಥವಾಗುತ್ತದೆ. ಕೊನೆಗೆ, ಎದುರು ಎಳೆಯನ್ನು ನೋಡಿಕೊಂಡು ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ ಎಂದು ಹೊಸ ಅಕ್ಷರಗಳನ್ನು ತುಂಬಿ ತುದಿಗಳನ್ನು ಗಂಟು ಹಾಕಲಾಗುತ್ತದೆ. ಡಿಎನ್‌ಎಗೆ ಎರಡು ಎಳೆ ಇರುವುದರ ದೊಡ್ಡ ಲಾಭ ಇದು. ಒಂದು ಕೆಟ್ಟರೂ ಇನ್ನೊಂದರಲ್ಲಿ ಮೂಲಪ್ರತಿ ಭದ್ರವಾಗಿರುತ್ತದೆ.

ಈ ನೇಯ್ಗೆಯ ಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರು ಅಜೀಜ್ ಸಂಜಾರ್. ಟರ್ಕಿಯ ಆಗ್ನೇಯ ಮೂಲೆಯ ಸವೂರ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಹುಟ್ಟಿದರು. ಓದು ಬರಹ ಬಾರದ ತಂದೆತಾಯಿ ಮಕ್ಕಳನ್ನು ಓದಿಸಿದರು. ಇಸ್ತಾಂಬುಲ್‌ನಲ್ಲಿ ವೈದ್ಯರಾಗಿ, ತಮ್ಮ ಊರ ಕಡೆ ಕೆಲಕಾಲ ರೋಗಿಗಳನ್ನು ನೋಡಿಕೊಂಡಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ ಡಿಎನ್‌ಎ ರಿಪೇರಿಯ ಬೆನ್ನುಹತ್ತಿದರು. ಒಂದು ಹಂತದಲ್ಲಿ ಸಂಶೋಧಕನ ಹುದ್ದೆ ಸಿಗದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ಸಹಾಯಕರಾಗಿ ದುಡಿದರು. 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಥಾಮಸ್ ಲಿಂಡಾಲ್, ಪಾಲ್ ಮೋಡ್ರಿಚ್ ಅವರ ಜೊತೆ ಸಂಜಾರ್ ಅವರಿಗೂ ಬಂತು. ಮೂವರೂ ಡಿಎನ್‌ಎ ರಿಪೇರಿಯ ಬೇರೆ ಬೇರೆ ದಾರಿಗಳನ್ನು ಕಂಡುಕೊಂಡವರು.

ಸಂಜಾರ್ ಮೊದಲು ಬಿದ್ದದ್ದು ಫೋಟೋಲೈಯೇಸ್ ಎಂಬ ಕಿಣ್ವದ ಹಿಂದೆ. ನೀಲಿ ಬೆಳಕಿನ ಬಲದಿಂದಲೇ ಬೆಸುಗೆಯನ್ನು ಬಿಚ್ಚಿಬಿಡುವ ಕಿಣ್ವ ಅದು. ಕತ್ತರಿಸುವ, ತುಂಬುವ ಶ್ರಮವೇ ಇಲ್ಲ. ಬ್ಯಾಕ್ಟೀರಿಯಾದಲ್ಲಿದೆ, ಮೀನು, ಕಪ್ಪೆ, ಹಕ್ಕಿಗಳಲ್ಲಿದೆ, ಕಾಂಗರೂವಿನಂತಹ ಹೊಟ್ಟೆಚೀಲದ ಪ್ರಾಣಿಗಳಲ್ಲೂ ಇದೆ. ನಮ್ಮಲ್ಲಿ, ಹಸು ನಾಯಿಗಳಲ್ಲಿ ಇಲ್ಲ. ವಿಕಾಸದ ದಾರಿಯಲ್ಲಿ ಎಲ್ಲೋ ಕಳೆದುಹೋಯಿತು. ಅದರ ದಾಯಾದಿ ಪ್ರೋಟೀನ್ ಒಂದು ನಮ್ಮ ಮೈಯಲ್ಲಿ ಹಗಲು ರಾತ್ರಿಯ ಗಡಿಯಾರ ನಡೆಸುವ ಕೆಲಸದಲ್ಲಿ ಉಳಿದಿದೆ, ಬೆಸುಗೆ ಬಿಚ್ಚುವ ವಿದ್ಯೆಯನ್ನು ಮಾತ್ರ ಮರೆತಿದೆ. ಹಾಗಾಗಿ ನಮ್ಮ ಕಣ್ಣು ಆ ಮೂವತ್ತಕ್ಷರದ ನೇಯ್ಗೆಯನ್ನೇ ನೆಚ್ಚಬೇಕು.

ಕಣ್ಣು ಆ ನೇಯ್ಗೆಯಲ್ಲಿ ಎಷ್ಟು ಚುರುಕು ಎಂಬುದು ತಿಳಿದದ್ದು ತೀರಾ ಈಚೆಗೆ. ಕೆನಡಾದ ಕ್ವಿಬೆಕ್ ನಗರದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ರೋಷೆಟ್ ಅವರ ತಂಡ ಒಂದು ಒಗಟನ್ನು ಎತ್ತಿಕೊಂಡಿತು. ಅತಿನೇರಳೆ ಕಿರಣದಿಂದ ಚರ್ಮಕ್ಕೆ ಕ್ಯಾನ್ಸರ್ ಬರುತ್ತದೆ. ಅದೇ ಬಿಸಿಲಿಗೆ ಒಡ್ಡಿಕೊಂಡಿರುವ, ಬಣ್ಣದ ಕೊಡೆಯೂ ಇಲ್ಲದ ಕಾರ್ನಿಯಾಕ್ಕೆ ಬರುವುದು ಅದಕ್ಕಿಂತ ಎಷ್ಟೋ ಅಪರೂಪ. ಇದು ಹೇಗೆ? ಮನುಷ್ಯರ ಕಾರ್ನಿಯಾದ ಹೊರಪದರದ ಕೋಶಗಳನ್ನೂ ಚರ್ಮದ ಕೋಶಗಳನ್ನೂ ಪ್ರಯೋಗಾಲಯದಲ್ಲಿ ಬೆಳೆಸಿ ಎರಡರ ಮೇಲೂ ಬಿ ಕಿರಣ ಹಾಯಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬಿದ್ದ ಬೆಸುಗೆಗಳ ಲೆಕ್ಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಅಡಗಿ ಕೂರುವ ಬಗೆಯ ಬೆಸುಗೆಯನ್ನು ಕಾರ್ನಿಯಾದ ಕೋಶಗಳು ಚರ್ಮದ ಕೋಶಗಳಿಗಿಂತ ನಾಲ್ಕು ಪಟ್ಟು ವೇಗವಾಗಿ ತೆಗೆದುಹಾಕಿದವು. ಕಾರಣ ಹುಡುಕಿದರೆ, ಡಿಡಿಬಿ2 ಮತ್ತು ಎಕ್ಸ್‌ಪಿಸಿ ಎರಡೂ ಕಾರ್ನಿಯಾದ ಕೋಶಗಳಲ್ಲಿ ಹೆಚ್ಚಾಗಿದ್ದವು. ಕೋಶ ಅವುಗಳನ್ನು ಬೇಗ ಕರಗಿಸಿಬಿಡದೆ ಉಳಿಸಿಕೊಳ್ಳುತ್ತದೆ ಎಂದು ತಂಡ ಕಂಡಿತು. ಕಾವಲುಗಾರರು ಕರೆ ಬರುವ ಮೊದಲೇ ಬಾಗಿಲಲ್ಲಿ ನಿಂತಿರುವ ಮನೆಯಂತೆ. ಪೆಟ್ಟು ತಿಂದ ಕೋಶಗಳು ಆತ್ಮಾಹುತಿ ಮಾಡಿಕೊಳ್ಳುವುದೂ ಕಾರ್ನಿಯಾದಲ್ಲಿ ಕಡಿಮೆ. ಬಹುಬೇಗ ರಿಪೇರಿ ಆಗುವುದರಿಂದ ಸಾಯುವ ಅಗತ್ಯವೇ ಕಡಿಮೆಯಾಗಿರಬೇಕು.

ಈಗ ಆ ಹುಡುಗನ ರಾತ್ರಿಗೆ ಮರಳೋಣ. ಮಧ್ಯಾಹ್ನದ ಕಿಡಿ ಅವನ ಕಣ್ಣಿನ ನರಗಳನ್ನು ಸುಡಲಿಲ್ಲ, ಆದ್ದರಿಂದ ಆಗ ನೋವಿರಲಿಲ್ಲ. ಕೆಟ್ಟದ್ದು ಕೋಶಗಳೊಳಗಿನ ಬರಹ. ಸಂಜೆಯಿಡೀ ಅವನು ನಗುತ್ತ ಮಾತಾಡುತ್ತಿದ್ದಾಗ, ಉಣ್ಣುತ್ತಿದ್ದಾಗ, ಲಕ್ಷಾಂತರ ಕೋಶಗಳು ಒಳಗೆ ಬಿಡುವಿಲ್ಲದೆ ಕತ್ತರಿಸಿ ನೇಯುತ್ತಿದ್ದವು. ಪಿ53 ಎಂಬ ಪ್ರೋಟೀನ್ ಪ್ರತಿ ಕೋಶದಲ್ಲೂ ಲೆಕ್ಕ ನೋಡುತ್ತದೆ: ಹಾನಿ ತೀರಿಸಬಹುದಾದಷ್ಟಿದೆಯೇ, ಮೀರಿದೆಯೇ? ಸಾಧಾರಣ ಬಿಸಿಲಿನ ದಿನ ಲೆಕ್ಕ ತೀರುತ್ತದೆ, ನಮಗೆ ಸುದ್ದಿಯೇ ಬರುವುದಿಲ್ಲ. ಬೆಸುಗೆ ಕಿಡಿಯ ದಿನ ಮೀರುತ್ತದೆ. ತಪ್ಪಕ್ಷರ ಹೊತ್ತು ಬಾಳುವುದಕ್ಕಿಂತ ಸಾಯುವುದೇ ಮೇಲೆಂದು ಮೇಲ್ಪದರದ ಕೋಶಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಅವುಗಳ ಕೆಳಗಿದ್ದ ನರತುದಿಗಳು ಬತ್ತಲಾಗುತ್ತವೆ. ಕಾರ್ನಿಯಾದಲ್ಲಿ ಚರ್ಮಕ್ಕಿಂತ ಹಲವು ನೂರು ಪಟ್ಟು ಒತ್ತಾಗಿ ನರತುದಿಗಳಿವೆ. ರೆಪ್ಪೆ ಒಮ್ಮೆ ಸವರಿದರೂ ಪ್ರಾಣ ಹೋದಂತಾಗುವುದು ಅದಕ್ಕೇ. ಆ ಆರು ಗಂಟೆಯ ಮೌನದಲ್ಲಿ ನಡೆದದ್ದು ಕಣ್ಣಿನ ಹೋರಾಟ. ನಡುರಾತ್ರಿಯ ಉರಿ ಅದು ಸೋತ ಸುದ್ದಿ.

ಮತ್ತೆ ತಿಳಿಯಾಗುವುದು ಹೇಗೆಂದರೆ, ಕಪ್ಪು ಬಿಳುಪು ಕೂಡುವ ಅಂಚಿನಲ್ಲಿ, ಲಿಂಬಸ್ ಎಂಬ ಉಂಗುರದಲ್ಲಿ, ಕಾರ್ನಿಯಾದ ಆಕರಕೋಶಗಳಿವೆ. ಅಲ್ಲಿ ಹುಟ್ಟಿದ ಹೊಸ ಕೋಶಗಳು ಮಧ್ಯಕ್ಕೆ ಹರಿದು ಬರುತ್ತಲೇ ಇರುತ್ತವೆ. ಆರೋಗ್ಯವಂತರಲ್ಲೂ ಹೊರಪದರ ಒಂದು ವಾರ ಹತ್ತು ದಿನದಲ್ಲಿ ಪೂರ್ತಿ ಹೊಸದಾಗುತ್ತದೆ. ಕನ್ನಡಿಯ ಮುಂದೆ ನಿಂತು ನೋಡಿ, ನಮ್ಮಲ್ಲಿ ಅನೇಕರ ಕಣ್ಣಿನ ಆ ಅಂಚಿನಲ್ಲಿ ಕಂದುಬಣ್ಣದ ತೆಳು ರೇಖೆ ಕಾಣುತ್ತದೆ. ಅದು ಮೆಲನಿನ್. ದೃಷ್ಟಿಗೆ ಅಡ್ಡವಾಗದ ಆ ಜಾಗದಲ್ಲಿ, ಆಕರಕೋಶಗಳ ತಲೆಯ ಮೇಲಾದರೂ ಕೊಡೆ ಹಿಡಿಯಲು ಕಣ್ಣು ದಾರಿ ಕಂಡುಕೊಂಡಿದೆ. ಆದರೂ ಅಲ್ಲೊಂದು ದುರ್ಬಲ ತಾಣವಿದೆ. ಕಿವಿಯ ಕಡೆಯಿಂದ ಓರೆಯಾಗಿ ಬಿದ್ದ ಬೆಳಕನ್ನು ಕಾರ್ನಿಯಾ ಭೂತಗನ್ನಡಿಯಂತೆ ಮೂಗಿನ ಕಡೆಯ ಅಂಚಿಗೆ ಕೂಡಿಸುತ್ತದೆ. ಆಸ್ಟ್ರೇಲಿಯದ ನೇತ್ರತಜ್ಞ ಮಿನಾಸ್ ಕೊರೊನಿಯೊ ಇದನ್ನು ತೋರಿಸಿಕೊಟ್ಟರು. ಹೊಲದಲ್ಲಿ, ಕಡಲಿನಲ್ಲಿ ಬಾಳುವೆ ಮಾಡಿದವರ ಕಣ್ಣಲ್ಲಿ ಬೆಳೆಯುವ ದುರ್ಮಾಂಸ ಹೆಚ್ಚಾಗಿ ಮೂಗಿನ ಕಡೆಯಿಂದಲೇ ಏಕೆ ಶುರುವಾಗುತ್ತದೆ ಎಂಬುದಕ್ಕೆ ಇದೇ ವಿವರಣೆ.

ಈ ರಿಪೇರಿ ಎಷ್ಟು ಅಮೂಲ್ಯ ಎಂಬುದನ್ನು ಅದಿಲ್ಲದೆ ಹುಟ್ಟುವ ಮಕ್ಕಳ ಕಷ್ಟ ತೋರಿಸುತ್ತದೆ. ವಿಯೆನ್ನಾದ ವೈದ್ಯ ಮೊರಿಟ್ಜ್ ಕಪೋಸಿ 1870ರ ದಶಕದಲ್ಲಿ ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆಯನ್ನು ವಿವರಿಸಿದರು. ಈ ಮಕ್ಕಳಿಗೆ ಬಿಸಿಲೇ ಶತ್ರು. ಕಣ್ಣು ಬೆಳಕು ಸಹಿಸದು, ಕಾರ್ನಿಯಾ ಮಬ್ಬಾಗುತ್ತದೆ, ರೆಪ್ಪೆ ಸುಕ್ಕಿ ಕರಗುತ್ತದೆ, ಎಳೆ ವಯಸ್ಸಿನಲ್ಲೇ ಕಣ್ಣಿನ ಹೊರಮೈಯಲ್ಲಿ ಕ್ಯಾನ್ಸರ್ ಬರುತ್ತದೆ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕ್ಲೀವರ್ ಕಾರಣ ಕಂಡುಹಿಡಿದರು: ಇವರ ಕೋಶಗಳಿಗೆ ಬೆಸುಗೆ ಕತ್ತರಿಸಲು ಬರುವುದಿಲ್ಲ. ಎಕ್ಸ್‌ಪಿಎ, ಎಕ್ಸ್‌ಪಿಸಿ ಎಂಬ ಪ್ರೋಟೀನುಗಳ ಹೆಸರು ಬಂದದ್ದೇ ಈ ಕಾಯಿಲೆಯಿಂದ. ಯಾವ ಮಗುವಿನಲ್ಲಿ ಯಾವುದು ಕೆಟ್ಟಿದೆ ಎಂದು ನೋಡುತ್ತ ಹೋಗಿಯೇ ಆರೋಗ್ಯವಂತರ ಕೋಶದಲ್ಲಿ ಯಾವುದು ಏನು ಮಾಡುತ್ತದೆಂದು ವಿಜ್ಞಾನ ಕಲಿಯಿತು. ನಮ್ಮ ತಿಳಿವಳಿಕೆ ಆ ಮಕ್ಕಳಿಗೆ ಋಣಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಯಿಲೆ ಕಾಣಿಸುತ್ತದೆ; ಆದ್ದರಿಂದ ರಕ್ತಸಂಬಂಧದಲ್ಲಿ ಮದುವೆ ಹೆಚ್ಚಿರುವ ಕಡೆ, ನಮ್ಮ ಕಡೆಯೂ, ಇದರ ಅಪಾಯ ಹೆಚ್ಚು. ಇನ್ನೊಂದು ಸಂಗತಿ ಗಮನಿಸಬೇಕು. ಈ ಮಕ್ಕಳಲ್ಲಿ ಬಿಸಿಲಿನ ಹಾನಿ ಕಣ್ಣಿನ ಮುಂಭಾಗದಲ್ಲೇ ನಿಲ್ಲುತ್ತದೆ, ಒಳಗಿನ ರೆಟಿನಾಕ್ಕೆ ಮುಟ್ಟುವುದಿಲ್ಲ. ಕಾರ್ನಿಯಾ ಮತ್ತು ಅದರ ಹಿಂದಿನ ಮಸೂರ ಅತಿನೇರಳೆ ಕಿರಣದ ಬಹುಪಾಲನ್ನು ತಾವೇ ನುಂಗಿ ರೆಟಿನಾವನ್ನು ಕಾಪಾಡುತ್ತವೆ.

ನುಂಗಿದ್ದರ ಬೆಲೆಯನ್ನು ಮಸೂರ ತೆರುತ್ತದೆ. ಕಣ್ಣಿನಲ್ಲಿ ಕಾರ್ನಿಯಾದ ಹೊರಪದರದಂತೆ ಎಲ್ಲವೂ ಹೊಸದಾಗುವುದಿಲ್ಲ. ಮೊದಲು ಕಾರ್ನಿಯಾದ ಹಿಂಪದರವನ್ನೇ ನೋಡಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕು ಕೊಟ್ಟದ್ದು ನಮಗೆಲ್ಲ ನೆನಪಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಬಿಡಿಸಿ, ಯಾರಿಗೆ ಯಾವುದು ಕೆಟ್ಟಿತ್ತೋ ಅದನ್ನು ಜೋಡಿಸಿದರು. ಹಿಂಪದರ ಕೆಟ್ಟವರಿಗೆ ಬೇರೆಯವರ ಹಿಂಪದರವೇ ಏಕೆ ಬೇಕು? ಅಲ್ಲಿರುವ ಒಂದೇ ಸಾಲಿನ ಕೋಶಗಳು ಹುಟ್ಟಿದ ಮೇಲೆ ಇಬ್ಭಾಗವಾಗಿ ಬೆಳೆಯುವುದಿಲ್ಲ. ಸತ್ತದ್ದು ಸತ್ತಿತು. ಮಸೂರದ ಸ್ಥಿತಿ ಇನ್ನೂ ಕಠಿಣ. ಅದರ ಮುಂಭಾಗದಲ್ಲಿ ಒಂದು ಸಾಲು ಜೀವಂತ ಕೋಶಗಳಿವೆ, ಅವು ತಮ್ಮ ಡಿಎನ್‌ಎಯನ್ನು ಸರಿಪಡಿಸಿಕೊಳ್ಳಬಲ್ಲವು. ಆದರೆ ಒಳಗಿನ ನಾರುಕೋಶಗಳು ಪಾರದರ್ಶಕವಾಗುವ ಸಲುವಾಗಿ ತಮ್ಮ ನ್ಯೂಕ್ಲಿಯಸ್ಸನ್ನೇ ತ್ಯಜಿಸಿವೆ. ಡಿಎನ್‌ಎಯೇ ಇಲ್ಲದ ಮೇಲೆ ಹೊಸ ಪ್ರೋಟೀನಿಗೆ ಆದೇಶ ಕೊಡುವವರಿಲ್ಲ. ಹುಟ್ಟುವ ಮೊದಲು ತಯಾರಾದ ಪ್ರೋಟೀನೇ ಮಸೂರದ ನಡುವಿನಲ್ಲಿ ಸಾಯುವ ತನಕ ಬಾಳಬೇಕು. ಅದಕ್ಕೆ ತಗುಲಿದ ಪೆಟ್ಟು ಒಂದರ ಮೇಲೊಂದು ಸೇರಿ, ಒಂದು ದಿನ ಪೊರೆಯಾಗುತ್ತದೆ.

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಮೀನು, ಏಡಿ ಹಿಡಿದು ಬದುಕುವ 838 ಮಂದಿಯನ್ನು ಹ್ಯೂ ಟೇಲರ್ ಮತ್ತು ಸಂಗಡಿಗರು ಪರೀಕ್ಷಿಸಿ 1988ರಲ್ಲಿ ವರದಿ ಮಾಡಿದರು. ಬಾಳಿನುದ್ದಕ್ಕೂ ಬಿದ್ದ ಬಿ ಕಿರಣ ದುಪ್ಪಟ್ಟಾದರೆ ಒಂದು ಬಗೆಯ ಪೊರೆಯ ಸಂಭವ 1.6 ಪಟ್ಟಾಗುತ್ತದೆ ಎಂದು ಕಂಡರು. ನಮ್ಮ ಕರಾವಳಿಯ ಮೀನುಗಾರರು, ಬಯಲುಸೀಮೆಯ ಹೊಲಗಳಲ್ಲಿ ಬೆನ್ನು ಬಗ್ಗಿಸಿದ ಹೆಂಗಸರು, ರಸ್ತೆಗೆ ಡಾಂಬರು ಹಾಕುವವರು, ಇವರೆಲ್ಲ ಬದುಕುವುದು ಅದಕ್ಕಿಂತ ಕಡುಬಿಸಿಲಿನಲ್ಲಿ. ಪೊರೆಗೆ ವಯಸ್ಸು, ಮಧುಮೇಹ, ಬೀಡಿ ಸಿಗರೇಟು ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಬಿಸಿಲಿನ ಪಾಲು ನಾವು ಕಡಿಮೆ ಮಾಡಬಹುದಾದ ಪಾಲು.

ಮಾಡಬೇಕಾದದ್ದು ಕಷ್ಟದ್ದಲ್ಲ. ಅಗಲ ಅಂಚಿನ ಟೋಪಿ ಅಥವಾ ಹಣೆಯ ಮೇಲೆ ಮುಂದೆ ಚಾಚಿ ಹೊದ್ದ ಸೆರಗು ಮೇಲಿನ ಬಿಸಿಲನ್ನು ತಡೆಯುತ್ತದೆ. ಕನ್ನಡಕ ಕೊಳ್ಳುವಾಗ ಯುವಿ400 ಎಂಬ ಗುರುತಿದೆಯೇ ನೋಡಿ, ಓರೆ ಬೆಳಕು ನುಗ್ಗದಂತೆ ಪಕ್ಕವೂ ಮುಚ್ಚುವಂತಹದನ್ನು ಆರಿಸಿ. ಆ ಗುಣವಿಲ್ಲದ ಬರೀ ಕಪ್ಪುಗಾಜು ಕಣ್ಣುಪಾಪೆಯನ್ನು ಹಿಗ್ಗಿಸಿ ಕಿರಣಕ್ಕೆ ಬಾಗಿಲು ತೆರೆಯುತ್ತದೆ. ಬೆಸುಗೆಯ ಮುಂದೆ ತಂಪು ಕನ್ನಡಕ ಸಾಲದು, ಆ ಕೆಲಸಕ್ಕೆಂದೇ ಮಾಡಿದ ಗಾಢ ಗಾಜಿನ ಕವಚವೇ ಬೇಕು. ಉರಿ ಬಂದ ರಾತ್ರಿ ಕಣ್ಣುಜ್ಜಬೇಡಿ, ಹೋಳು ಸೊಪ್ಪು ಏನನ್ನೂ ಇಡಬೇಡಿ. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಪದೇ ಪದೇ ಬಿಟ್ಟುಕೊಳ್ಳಲೇಬೇಡಿ. ನೋವು ಅಡಗುತ್ತದೆ, ಆದರೆ ಹೊಸ ಕೋಶಗಳು ಬಂದು ಮುಚ್ಚಬೇಕಾದ ಗಾಯ ಹಾಗೇ ಉಳಿದು ಕಾರ್ನಿಯಾವೇ ಕೆಡಬಹುದು. ಕಣ್ಣಿನ ವೈದ್ಯರಿಗೆ ತೋರಿಸಿ.

ಹುಡುಗ ಎರಡು ದಿನದಲ್ಲಿ ಗುಣವಾಗಿ ಬಂದದ್ದನ್ನು ನೋಡಿ ಮೇಸ್ತ್ರಿ ಇದೇನು ದೊಡ್ಡದಲ್ಲ, ಎಲ್ಲರಿಗೂ ಆಗುವುದೇ ಎಂದುಕೊಳ್ಳುತ್ತಾರೆ. ಅವರ ಕಾಲದಲ್ಲಿ ಅವರಿಗೂ ಹಾಗೆಯೇ ಆಗಿತ್ತು. ಆದರೆ ಗುಣವಾದದ್ದು ಹೊರಪದರ ಮಾತ್ರ. ಎಳೆಯರ ಮಸೂರ ದೊಡ್ಡವರದಕ್ಕಿಂತ ತಿಳಿ; ಒಳಕ್ಕೆ ಇನ್ನೂ ಹೆಚ್ಚು ಕಿರಣವನ್ನು ಬಿಟ್ಟುಕೊಳ್ಳುತ್ತದೆ. ಅಲ್ಲಿ ಬಿದ್ದ ಪೆಟ್ಟಿಗೆ ಉರಿಯೂ ಇಲ್ಲ, ಮರುಹುಟ್ಟೂ ಇಲ್ಲ. ಅವನ ಕಣ್ಣು ತನ್ನ ಪಾಲಿನ ಕೆಲಸವನ್ನು ರಾತ್ರಿಯಿಡೀ ಮಾಡಿದೆ, ಮೂವತ್ತು ಮೂವತ್ತು ಅಕ್ಷರ ಕತ್ತರಿಸಿ ಮತ್ತೆ ಬರೆದಿದೆ. ನಮ್ಮ ಪಾಲಿಗೆ ಉಳಿದದ್ದು ಬಹಳ ಸಣ್ಣದು. ಅಂಗಡಿಯ ಗೋಡೆಗೆ ಇನ್ನೊಂದು ಮೊಳೆ ಹೊಡೆದು, ಮೇಸ್ತ್ರಿಯ ಕವಚದ ಪಕ್ಕದಲ್ಲಿ ಹುಡುಗನದನ್ನೂ ನೇತುಹಾಕುವುದು.